ಕರೋಲಿನಾದ ಕರಡಿಯೂ ಕಾಡುಕೋಣದ ಬಂದೂಕೂ

ಡಿಸೆಂಬರ್ ತಿಂಗಳ ಒಂದು ಗುರುವಾರ, ಇನ್ನೂ ಬೆಳಕು ಹರಿಯುವ ಮುಂಚೆ, ಜಾರ್ಜಿಯಾದ ಕಮ್ಮಿಂಗ್‌ನ ನಮ್ಮ ಬಡಾವಣೆಯಿಂದ ನಾವು ಮೂವರು ಹೊರಟೆವು. ವ್ಯಾನಿನ ಗಾಜಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು. ಹಳೆಯದೊಂದು ಲೈಬ್ರರಿ ಕಾರ್ಡಿನಿಂದ ಅದನ್ನು ಕೆರೆದು ತೆಗೆದೆ. ಹೋಗಬೇಕಾಗಿದ್ದದ್ದು ಉತ್ತರ ಕರೋಲಿನಾದ ಪೂರ್ವದ ಅಂಚಿಗೆ, ಸಮುದ್ರಕ್ಕೆ ಹತ್ತಿರದ ಜೌಗು ನಾಡಿಗೆ. ಸುಮಾರು ಆರುನೂರು ಮೈಲಿ. ಕೊನೆಯ ಸಾಲಿನ ಸೀಟು ಮಡಚಿ ಎರಡು ಬಂದೂಕಿನ ಪೆಟ್ಟಿಗೆ, ರಬ್ಬರ್ ಬೂಟುಗಳು, ಒಂದು ದೊಡ್ಡ ಐಸ್ ಪೆಟ್ಟಿಗೆ, ಡಬ್ಬಿ ತುಂಬ ಪುಳಿಯೋಗರೆ ಇಟ್ಟುಕೊಂಡಿದ್ದೆವು. ಹೊರಟಿದ್ದದ್ದು ಕರಡಿ ಬೇಟೆಗೆ.

ಬೇಟೆ ಎಂದ ಕೂಡಲೇ ಮೂಗು ಮುರಿಯುವವರು ಇದ್ದಾರೆಂದು ಗೊತ್ತು. ನಾನು ಕೊಡಗಿನವಳು. ಕೈಲ್‌ಪೊಳ್ದ್ ಹಬ್ಬದಲ್ಲಿ ಬಂದೂಕಿಗೆ ತೋಕ್‌ಪೂ ಎಂಬ ಕೆಂಪು ಹೂ ಮುಡಿಸಿ ಕೈಮುಗಿಯುವ ಮನೆಯಲ್ಲಿ ಬೆಳೆದವಳು. ಹತ್ತಿರದ ಡುಲುತ್‌ನ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಯುವುದು ನನ್ನ ಕೆಲಸ. ಪ್ರತಿ ಚಳಿಗಾಲದಲ್ಲೂ ಜಾರ್ಜಿಯಾದ ಕಾಡಿನಲ್ಲಿ ಒಂದು ಜಿಂಕೆ ಹೊಡೆದು ತಂದು, ಫ್ರೀಜರಿನಲ್ಲಿಟ್ಟು, ಕಾಚಂಪುಳಿ ಎಂಬ ನಮ್ಮ ಕೊಡಗಿನ ಕಪ್ಪು ಹುಳಿ ಹಾಕಿ ಅಡುಗೆ ಮಾಡಿ ತಿನ್ನುತ್ತೇನೆ. ಇದರಲ್ಲಿ ನನಗೆ ನಾಚಿಕೆಯೇನೂ ಇಲ್ಲ. ನನಗೆ ನಾಚಿಕೆ ತಂದದ್ದು ಈ ಪ್ರಯಾಣ ಮಾತ್ರ. ನಾಚಿಕೆಗಿಂತ ಹೆಚ್ಚಾಗಿ ಸಿಟ್ಟು.

ಜೊತೆಗಿದ್ದವರಲ್ಲಿ ಮೊದಲನೆಯವನು ಪ್ರಶಾಂತ್, ನಮ್ಮ ಪಕ್ಕದ ಮನೆಯವನು, ಹುಣಸೂರು ಕಡೆಯ ಸಾಫ್ಟ್‌ವೇರ್ ಎಂಜಿನಿಯರ್. ಇವನು ಬೇಟೆಗಾರನಾದ ಕಥೆಯೇ ಒಂದು ತಮಾಷೆ. ಕೊರೊನಾ ಬಂದ ವರ್ಷ ಟಾಯ್ಲೆಟ್ ಪೇಪರಿಗೆ ಮುಗಿಬಿದ್ದ ಜನವೇ ಬಂದೂಕಿನ ಅಂಗಡಿಗೂ ಮುಗಿಬಿದ್ದರಲ್ಲ, ಆಗ ಇವನಿಗೂ ಹೆದರಿಕೆ ಹತ್ತಿತು. ಆದರೆ ವರ್ಕ್ ವೀಸಾದಲ್ಲಿ ಇರುವವರಿಗೆ ಇಲ್ಲಿ ಹಾಗೆಲ್ಲ ಬಂದೂಕು ಮಾರುವುದಿಲ್ಲ. ಬೇಟೆಯ ಲೈಸೆನ್ಸ್ ಇದ್ದರೆ ಮಾರುತ್ತಾರೆ. ಸರಿ, ಬಂದೂಕಿಗಾಗಿ ಲೈಸೆನ್ಸ್ ಮಾಡಿಸಿದ. ಲೈಸೆನ್ಸ್ ಇದ್ದ ಮೇಲೆ ಸುಮ್ಮನೆ ವೇಸ್ಟ್ ಆಗಬಾರದು ಎಂದು ಬೇಟೆಗೆ ಹೊರಟ. ಕೊಡೆ ಕೊಂಡ ತಪ್ಪಿಗೆ ಮಳೆ ಹುಡುಕಿಕೊಂಡು ಹೋದ ಹಾಗೆ. ನಮ್ಮ ವೀಸಾದವರ ಪೈಕಿ ಹೀಗೆ ಬೇಟೆಗಾರರಾದವರು ಇನ್ನೂ ಕೆಲವರನ್ನು ಬಲ್ಲೆ.

ಎರಡನೆಯವನು ಶ್ರೀಧರ್, ಪ್ರಶಾಂತನ ಆಫೀಸಿನ ಗೆಳೆಯ, ಬೆಂಗಳೂರಿನ ಬಸವನಗುಡಿಯವನು. ಮೊಟ್ಟೆಯನ್ನೂ ಮುಟ್ಟುವವನಲ್ಲ. ಹಾಗಾದರೆ ಯಾಕೆ ಬಂದೆ ಎಂದು ಕೇಳಿದ್ದಕ್ಕೆ, "ಎಕ್ಸ್‌ಪೀರಿಯನ್ಸ್‌ಗೆ ಆಂಟಿ" ಎಂದ. ಪುಳಿಯೋಗರೆ ಅವನ ಮನೆಯದೇ.

ಅಟ್ಲಾಂಟಾದ ಕಡೆಯ ಟ್ರಾಫಿಕ್ ಏಳುವ ಮುಂಚೆಯೇ ಹೆದ್ದಾರಿ ಎಂಬತ್ತೈದನ್ನು ಹಿಡಿದೆವು. ದಕ್ಷಿಣ ಕರೋಲಿನಾದಲ್ಲಿ ಪೆಟ್ರೋಲು ಅಗ್ಗ, ಅಲ್ಲಿ ಟ್ಯಾಂಕ್ ತುಂಬಿಸಿ, ಬಂಕಿನಲ್ಲಿ ಮಾರುತ್ತಿದ್ದ ಬೇಯಿಸಿದ ಕಡಲೆಕಾಯಿ ತಗೊಂಡೆ. ನಮ್ಮೂರಿನದಕ್ಕಿಂತ ಉಪ್ಪು ಜಾಸ್ತಿ, ಆದರೂ ಬಾಯಿ ಸುಮ್ಮನಿರಲಿಲ್ಲ. ನನ್ನ ಬಾಯಿ ಕಡಲೆಕಾಯಿಗೆ, ಅವರಿಬ್ಬರ ಬಾಯಿ ಕ್ಯಾಲಿಬರಿಗೆ. ಕ್ಯಾಲಿಬರ್ ಎಂದರೆ ನಳಿಗೆಯ ಒಳ ಅಗಲ. ಗುಂಡು ಎಷ್ಟು ದಪ್ಪ ಎಂಬ ಲೆಕ್ಕ. ಪ್ರಶಾಂತ್ ಕೊಂಡಿದ್ದದ್ದು ಫೋರ್ ಫಿಫ್ಟಿ ಎಯ್ಟ್, ಆಫ್ರಿಕಾದ ಕಾಡುಕೋಣ ಮತ್ತು ಆನೆಗಳಿಗೆಂದು ಮಾಡಿದ ಬಂದೂಕು. ಗುಂಡು ಹೆಚ್ಚು ಕಡಿಮೆ ಅರ್ಧ ಅಂಗುಲ ದಪ್ಪ. ಮುಂದೊಂದು ದಿನ ಆಫ್ರಿಕಾಕ್ಕೆ ಹೋಗುವುದು ಅವನ ಆಸೆ, ಈ ಕರಡಿ ಅದಕ್ಕೆ ಪ್ರಾಕ್ಟೀಸ್.

"ಆಂಟಿ, ನಿಮ್ಮದು ಬರೀ ಥರ್ಟಿ ಆಟ್ ಸಿಕ್ಸ್ ಅಲ್ವಾ? ಅದು ಡೀರ್ ಗನ್ನು. ಕರಡಿ ಚಾರ್ಜ್ ಮಾಡಿದ್ರೆ ಏನ್ ಮಾಡ್ತೀರಾ?" ಎಂದ ಪ್ರಶಾಂತ್.

"ಅದೇ ಬಂದೂಕಲ್ಲಿ ಹೊಡೀತೀನಿ. ನೀನು ಇದರಲ್ಲಿ ಎಷ್ಟು ಗುಂಡು ಹಾರಿಸಿದ್ದೀಯಾ?"

"ಹೆಚ್ಚಿಲ್ಲ. ಸಿಕ್ಕಾಪಟ್ಟೆ ಕಿಕ್ ಮಾಡುತ್ತೆ. ಆದ್ರೆ ಯೂಟ್ಯೂಬ್‌ನಲ್ಲಿ ಎಲ್ಲಾ ನೋಡಿದ್ದೀನಿ. ಇದರ ಪವರ್‌ಗೆ ಎಲ್ಲಿ ತಗುಲಿದ್ರೂ ಡೌನ್."

ನನಗೆ ಮೈಯೆಲ್ಲ ಉರಿಯಿತು. ಎಲ್ಲಿ ತಗುಲಿದರೂ ಸರಿ ಎನ್ನುವವನು ಬೇಟೆಗಾರನೇ ಅಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ಭುಜ ಇದ್ದಷ್ಟು ಬಂದೂಕು ಹಿಡಿ ಎನ್ನಬೇಕು. ಪ್ರಾಣಿಯನ್ನು ಖಂಡಿತವಾಗಿ ಕೊಲ್ಲಲಾರದಷ್ಟು ಚಿಕ್ಕ ಗುಂಡು ತೆಗೆದುಕೊಂಡು ಹೋಗುವುದು ಹೇಗೆ ಪಾಪವೋ, ಕಣ್ಣು ಮುಚ್ಚದೆ ಹಾರಿಸಲಾಗದಷ್ಟು ದೊಡ್ಡ ಗುಂಡು ತೆಗೆದುಕೊಂಡು ಹೋಗುವುದೂ ಅಷ್ಟೇ ಪಾಪ. ಹಾಗಂತ ಅವನಿಗೆ ಹೇಳಿದೆ. "ನಮ್ಮಪ್ಪ ಈಡು ಅನ್ನೋ ಮಾತಿಗೆ ಮೂರು ಅರ್ಥ ಹೇಳ್ತಿದ್ರು" ಎಂದು ಶುರುಮಾಡಿದೆ.

"ಈಡು ಅಂದ್ರೆ? ಈಡೇರಿತು ಅಂತಾರಲ್ಲ, ಅದಾ?" ಎಂದು ಹಿಂದಿನಿಂದ ಶ್ರೀಧರ್ ಕೇಳಿದ.

ಬೆಂಗಳೂರಿನವನಿಗೆ ಬೇಟೆಯ ಮಾತು ಎಲ್ಲಿಂದ ಬರಬೇಕು. ನಮ್ಮ ಕಡೆ ಬಂದೂಕಿನ ಒಂದು ಹೊಡೆತಕ್ಕೆ ಈಡು ಎನ್ನುತ್ತಾರೆ. ಈಡು ಎಂದರೆ ಸರಿಸಮ ಎಂದೂ ಅರ್ಥ, ಸಾಲಕ್ಕೆ ಇಡುವ ಒತ್ತೆ ಎಂದೂ ಅರ್ಥ. ಹೊಡೆತ ಪ್ರಾಣಿಗೂ ಸರಿಸಮ ಇರಬೇಕು, ಹೊಡೆಯುವವನಿಗೂ ಸರಿಸಮ ಇರಬೇಕು. ಒಮ್ಮೆ ಹೊಡೆದ ಮೇಲೆ ನೀನೇ ಅದಕ್ಕೆ ಒತ್ತೆ. ಆ ಜೀವ ಹೋಗುವವರೆಗೆ ಅದರ ಹಿಂದೆ ಹೋಗಬೇಕು, ಮುಳ್ಳಿರಲಿ, ಕೆಸರಿರಲಿ. ಇದನ್ನು ನಾನು ಷಾರ್ಲಟ್ ದಾಟುವವರೆಗೂ ವಿವರಿಸಿದೆ. ಪ್ರಶಾಂತ್ "ಸೂಪರ್ ಆಂಟಿ" ಎಂದು ಮತ್ತೆ ಫೋನಿನಲ್ಲಿ ಕಾಡುಕೋಣದ ವಿಡಿಯೊ ಹಾಕಿಕೊಂಡ.

ಮಧ್ಯಾಹ್ನ ರಾಲಿ ಊರಿನ ಹತ್ತಿರ ಬಾರ್ಬೆಕ್ಯೂ ಹೋಟೆಲಿನಲ್ಲಿ ಊಟ. ಈ ಕಡೆ ಹಂದಿ ಮಾಂಸವನ್ನು ವಿನೆಗರ್ ಹುಳಿಯಲ್ಲಿ ಕಲಸಿ ಕೊಡುತ್ತಾರೆ. ನಮ್ಮ ಪಂದಿಕರಿಗೆ ದೂರದ ಸಂಬಂಧಿ ಎನ್ನಬಹುದು, ಆದರೆ ಮಸಾಲೆ ಕಾಣದ ಸಂಬಂಧಿ. ಶ್ರೀಧರ್ ಜೋಳದ ಹಿಟ್ಟಿನ ಬೋಂಡಾ ಒಂದು ಬುಟ್ಟಿ ತರಿಸಿಕೊಂಡು, ಯಾವ ಎಣ್ಣೆಯಲ್ಲಿ ಕರಿದದ್ದೆಂದು ಕೇಳಲು ಹೋಗಿ, ಹಂದಿ ಕೊಬ್ಬಿನಲ್ಲಿ ಎಂಬ ಉತ್ತರ ಕೇಳಿ, ವ್ಯಾನಿಗೆ ವಾಪಸ್ ಬಂದು ಪುಳಿಯೋಗರೆ ಬಿಚ್ಚಿದ. ಅಲ್ಲಿಂದ ಪೂರ್ವಕ್ಕೆ ರಸ್ತೆ ನೆಟ್ಟಗೆ, ನೆಲ ಚಪ್ಪಟೆ. ಹತ್ತಿ ಕೊಯ್ದ ಹೊಲಗಳು, ಕಪ್ಪು ನೀರು ನಿಂತ ಉದ್ದುದ್ದ ಕಾಲುವೆಗಳು. ಸಂಜೆಗೆ ಗೈಡ್ ಅರ್ಲ್‌ನ ತೋಟ ತಲುಪಿದೆವು.

ಅರ್ಲ್ ಅರವತ್ತು ದಾಟಿದ ದಪ್ಪ ಮನುಷ್ಯ. ಬೇಟೆಗೆ ಬಂದವರಿಗೆ ಮರದ ಕ್ಯಾಬಿನ್, ಎರಡು ಹೊತ್ತು ಊಟ, ಹೊಲದ ಅಂಚಿನಲ್ಲಿ ಕೂರಲು ಅಟ್ಟಣೆ ಕೊಡುತ್ತಾನೆ. ಆ ಸಂಜೆ ಹುರುಳಿಕಾಯಿ, ಕೋಳಿಯ ಊಟ ಬಡಿಸುತ್ತ ತನ್ನ ಮನೆಯ ನಿಯಮ ಹೇಳಿದ. ಫೋನು ಕ್ಯಾಬಿನ್ನಿನಲ್ಲೇ ಬಿಡಬೇಕು. ಹಿಂದೆ ಯಾರದೋ ಫೋನು ಸರಿಯಾದ ಹೊತ್ತಿಗೆ ಬಡಿದುಕೊಂಡು ಕರಡಿ ಓಡಿಹೋಗಿತ್ತಂತೆ. ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗೆ ಎನ್ನುತ್ತೇವೆ, ಇಲ್ಲಿ ಕರಡಿಪೂಜೆಯಲ್ಲಿ ಫೋನು ಬಿಟ್ಟಿದ್ದರು. ಇನ್ನೊಂದು ನಿಯಮವನ್ನು ಅವನು ಕೈಯಲ್ಲಿದ್ದ ಚಮಚ ಕೆಳಗಿಟ್ಟು ಹೇಳಿದ: ಒಬ್ಬರಿಗೆ ಒಂದೇ ಕರಡಿ, ಮತ್ತು ರಕ್ತ ಬಿದ್ದರೆ ಅದು ನಿಮ್ಮ ಕರಡಿ. ಸಿಕ್ಕಲಿ ಬಿಡಲಿ, ಗಾಯವಾಯಿತೆಂದರೆ ನಿಮ್ಮ ಬೇಟೆ ಮುಗಿಯಿತು. ಆಮೇಲೆ ಹುಡುಕುವುದಷ್ಟೇ ಕೆಲಸ. ಪ್ರಶಾಂತ್ ಎಲ್ಲಕ್ಕೂ ತಲೆಯಾಡಿಸಿದ.

ಶುಕ್ರವಾರ ಬೆಳಿಗ್ಗೆ ಬಂದೂಕುಗಳನ್ನು ಪರೀಕ್ಷಿಸಲು ತೋಟದ ಹಿಂದಿನ ದಿಬ್ಬಕ್ಕೆ ಹೋದೆವು. ಪ್ರಶಾಂತನ ಬಂದೂಕು ಆರ್ಭಟಿಸಿದ ಸದ್ದಿಗೆ ಕಾಲುವೆಯ ಬಾತುಗಳೆಲ್ಲ ಎದ್ದವು. ಗುಂಡು ಗುರಿಯ ಹಲಗೆಯ ಮೂಲೆಗೂ ತಗುಲಿರಲಿಲ್ಲ. "ಸ್ಕೋಪ್ ಅಲೈನ್‌ಮೆಂಟ್ ಹೋಗಿದೆ" ಎಂದ. ಇನ್ನೊಂದು ಹಾರಿಸಿದ, ಅದು ನೆಲಕ್ಕೆ. ಭುಜ ಉಜ್ಜಿಕೊಳ್ಳುತ್ತಿದ್ದ. ನಾನು ಬಂದೂಕು ತೆಗೆದುಕೊಂಡು ಗುಂಡು ತುಂಬಿದ ಹಾಗೆ ಮಾಡಿ, ಖಾಲಿಯಾಗಿಯೇ ಅವನ ಕೈಗೆ ಕೊಟ್ಟೆ. ನಮ್ಮ ಊರಿನಲ್ಲಿ ಹೊಸಬರಿಗೆ ಹೀಗೇ ಪರೀಕ್ಷೆ ಮಾಡುತ್ತಿದ್ದರು. ಅವನು ಗುರಿಯಿಟ್ಟ, ಬಂದೂಕಿನ ಕುದುರೆ ಎಳೆದ. ಟಿಕ್ ಎಂದಿತಷ್ಟೆ. ಆದರೆ ನಳಿಗೆ ಒಂದು ಗೇಣು ಕೆಳಕ್ಕೆ ಬಗ್ಗಿತು, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡವು, ಮುಖ ಹಾಗಲಕಾಯಿ ತಿಂದವನ ಹಾಗಾಯಿತು. ಶ್ರೀಧರ್ ಗೊಳ್ಳೆಂದು ನಕ್ಕ.

"ನೋಡಿದ್ಯಾ? ತಪ್ಪು ಸ್ಕೋಪಿನದಲ್ಲ. ನೀನು ಇದಕ್ಕೆ ಹೆದರ್ತಿದ್ದೀಯಾ" ಎಂದೆ. "ನನ್ನ ಬಂದೂಕು ತಗೋ. ಇವತ್ತು ಬೆಳಗ್ಗೆ ಪೂರ್ತಿ ಪ್ರಾಕ್ಟೀಸ್ ಮಾಡು. ಸಂಜೆ ನಾನು ಸುಮ್ಮನೆ ಕೂತ್ಕೋತೀನಿ, ನೀನೇ ಹೊಡಿ."

"ಬೇಡ ಆಂಟಿ. ಲೇಡೀಸ್ ಗನ್ನಲ್ಲಿ ಹೊಡೆದ್ರೆ ಕಮ್ಮಿಂಗ್‌ನಲ್ಲಿ ಮುಖ ಎತ್ಕೊಂಡು ಓಡಾಡೋಕಾಗುತ್ತಾ?" ಎಂದು ನಕ್ಕ.

ನನ್ನ ಬಂದೂಕಿಗೆ ಹೆಣ್ಣು ಗಂಡು ಎಂಬ ಭೇದ ಇರುವುದು ಅಂದೇ ಗೊತ್ತಾದದ್ದು. ಅವನ ಗುಂಡುಗಳ ಡಬ್ಬಿಯನ್ನೂ ನೋಡಿದೆ. ಅದು ಇನ್ನೊಂದು ಅನರ್ಥ. ಕಾಡುಕೋಣದ ದಪ್ಪ ಎಲುಬು ಸೀಳಿಕೊಂಡು ಹೋಗಲೆಂದು ಮಾಡಿದ ಗಟ್ಟಿ ಗುಂಡುಗಳು ಅವು, ಒಳಗೆ ಹೋಗಿ ಅರಳುವುದಿಲ್ಲ. ಕರಡಿಯ ಮೆತ್ತಗಿನ ಮೈಯಲ್ಲಿ ಹಲಗೆಗೆ ಹೊಡೆದ ಮೊಳೆಯ ಹಾಗೆ ಈ ಕಡೆಯಿಂದ ಆ ಕಡೆಗೆ ತೂರಿಹೋಗುತ್ತವೆ. ಸರಿಯಾದ ಜಾಗಕ್ಕೆ ಬಿದ್ದರೆ ಸರಿ, ಇಲ್ಲವಾದರೆ ಪ್ರಾಣಿ ತೂತು ಹೊತ್ತುಕೊಂಡು ನಡೆದೇ ಹೋಗುತ್ತದೆ. ಅರ್ಲ್‌ಗೆ ಇದನ್ನು ಹೇಳಿದೆ. ಕಾನೂನು ತಡೆಯದ್ದನ್ನು ತಾನು ಹೇಗೆ ತಡೆಯಲಿ ಎಂದು ಭುಜ ಕುಣಿಸಿದ. ಗಿರಾಕಿಯ ಮನಸ್ಸು ನೋಯಿಸಬಾರದಲ್ಲ. ಅವನ ಮೇಲೂ ನನಗೆ ಆಗಲೇ ಸಿಟ್ಟು ಬಂದಿತ್ತು.

ಮಧ್ಯಾಹ್ನ ಮೂರಕ್ಕೆ ಅಟ್ಟಣೆ ಹತ್ತಿದೆವು. ಜೋಳ ಕಟಾವಾದ ದೊಡ್ಡ ಹೊಲ. ಒಂದು ಅಂಚಿನ ಅಟ್ಟಣೆಯಲ್ಲಿ ಪ್ರಶಾಂತ್ ಮತ್ತು ಶ್ರೀಧರ್, ಎದುರು ಅಂಚಿನಲ್ಲಿ ನಾನು. ಹೊಲದ ಆಚೆ ಪೊಕೋಸಿನ್; ಇಲ್ಲಿಯವರು ಮುಳ್ಳುಪೊದೆ ತುಂಬಿದ ಜೌಗಿಗೆ ಹಾಗೆನ್ನುತ್ತಾರೆ. ಗಾಳಿ ಇರಲಿಲ್ಲ. ಮೂಗಿನ ತುದಿ ಮರಗಟ್ಟುವಷ್ಟು ಚಳಿ. ಸೂರ್ಯ ಮುಳುಗುವ ಹೊತ್ತಿಗೆ ಕರಡಿ ಪೊದೆಯಿಂದ ಹೊರಬಂದಿತು. ದೊಡ್ಡ ಗಂಡು. ಮೈಯ ಕೊಬ್ಬು ನಡೆಯುವಾಗ ಆ ಕಡೆ ಈ ಕಡೆ ತುಳುಕುತ್ತಿತ್ತು. ಉದುರಿದ ಜೋಳದ ತೆನೆಗಳನ್ನು ಮುಂಗಾಲಿನಲ್ಲಿ ಒತ್ತಿ ಹಿಡಿದು, ಅವಸರವಿಲ್ಲದೆ ತಿನ್ನುತ್ತ, ಅವರ ಅಟ್ಟಣೆಯ ಕಡೆಗೆ ಸಾಗಿತು. ದೂರದರ್ಶಕದಲ್ಲಿ ನೋಡುತ್ತಲೇ ನಾನು ಮನಸ್ಸಿನಲ್ಲಿ, ಬೇಡ ಮಗ, ಈಗಲೇ ಹೊಡೀಬೇಡ, ಕರಡಿ ಇನ್ನೂ ಅಡ್ಡ ತಿರುಗಲಿ, ಎನ್ನುತ್ತಿದ್ದೆ.

ಅಷ್ಟರಲ್ಲಿ ಬಂದೂಕು ಗುಡುಗಿತು. ಕರಡಿ ಬೆನ್ನು ಬಿಲ್ಲಿನಂತೆ ಬಗ್ಗಿಸಿ, ಹಿಂದಕ್ಕೆ ತಿರುಗಿ ತನ್ನದೇ ತೊಡೆಯ ಮೇಲ್ಭಾಗವನ್ನು ಕಚ್ಚಿಕೊಂಡಿತು. ಹಿಂಗಾಲು ಎಳೆಯುತ್ತ ಪೊದೆಗೆ ನುಗ್ಗಿತು. ಗುಂಡು ತಗುಲದ ಪ್ರಾಣಿ ಹಾಗೆ ಮಾಡುವುದಿಲ್ಲ. ನಾನು ನೋಡಿದೆ, ಕಣ್ಣಾರೆ ನೋಡಿದೆ.

ಅರ್ಲ್ ಟ್ರಕ್ಕಿನಲ್ಲಿ ಬಂದು ಏನಾಯಿತೆಂದು ಕೇಳಿದ. ನಾನು ಹೊಲ ದಾಟಿ ಅಲ್ಲಿಗೆ ಸೇರುವಷ್ಟರಲ್ಲಿ ಪ್ರಶಾಂತ್ ಉತ್ತರ ಕೊಟ್ಟಾಗಿತ್ತು: ಕ್ಲೀನ್ ಮಿಸ್. ಅರ್ಲ್ ಶ್ರೀಧರನನ್ನು ಕೇಳಿದ. ಶ್ರೀಧರ್ ತನ್ನ ಬೂಟು ನೋಡಿಕೊಳ್ಳುತ್ತ, ಮಿಸ್ ಅಂತ ಕಾಣುತ್ತೆ ಎಂದ. ನಾನು ತಗುಲಿದೆ ಎಂದೆ. ಅರ್ಲ್ ಟಾರ್ಚ್ ಹಿಡಿದು ಸ್ವಲ್ಪ ಹೊತ್ತು ಹುಡುಕಿದ. ರಕ್ತ ಕಾಣಲಿಲ್ಲ. ಕರಡಿಯ ದಟ್ಟ ಕೂದಲು, ಕೊಬ್ಬು ರಕ್ತವನ್ನು ಹೊರಗೆ ಬಿಡುವುದೇ ಕಡಿಮೆ, ಇದು ಅವನಿಗೂ ಗೊತ್ತು. ಆದರೂ ಹೊಡೆದವನೇ ಇಲ್ಲ ಅನ್ನುತ್ತಿರುವಾಗ, ಇಬ್ಬರ ಮಾತಿಗೆ ಎದುರು ಒಬ್ಬರ ಮಾತು ಹೇಗೆ ತೆಗೆದುಕೊಳ್ಳಲಿ ಎಂದ. ಕತ್ತಲಲ್ಲಿ ಗಾಯದ ಕರಡಿಯ ಹಿಂದೆ ಪೊದೆಗೆ ನುಗ್ಗುವುದು ಹೇಗೂ ಸಾಧ್ಯವಿರಲಿಲ್ಲ, ಅದು ಆತ್ಮಹತ್ಯೆ. ಕಾಯುವುದು ತಪ್ಪಲ್ಲ. ಆದರೆ ಬೆಳಿಗ್ಗೆ ಹುಡುಕಬೇಕೋ ಬೇಡವೋ ಎಂಬುದು ಆ ಒಂದು ಸುಳ್ಳಿನ ಮೇಲೆ ನಿಂತಿತ್ತು. ರಕ್ತ ಬಿದ್ದರೆ ಅವನ ಬೇಟೆ ಮುಗಿಯಿತು. ಮಿಸ್ ಆದರೆ ಬೆಳಿಗ್ಗೆ ಮತ್ತೆ ಅಟ್ಟಣೆ ಹತ್ತಬಹುದು, ಇನ್ನೊಂದು ಕರಡಿ ಹೊಡೆಯಬಹುದು.

ಕ್ಯಾಬಿನ್ನಿಗೆ ಬಂದ ಮೇಲೆ ಅವನನ್ನು ಹಿಡಿದುಕೊಂಡೆ. "ಪ್ರಶಾಂತ್, ನಿನಗೂ ಗೊತ್ತು, ನನಗೂ ಗೊತ್ತು."

"ಆಂಟಿ, ಸೌಂಡ್‌ಗೆ ಹೆದ್ರಿ ಓಡ್ತು ಅಷ್ಟೆ. ಮಿಸ್ ಆಯ್ತು. ಎಲ್ಲರಿಗೂ ಮಿಸ್ ಆಗುತ್ತೆ."

"ಮಿಸ್ ಆಗೋಕೆ ಅದೇನು ಬಸ್ಸಾ? ಹೊಟ್ಟೆಗೆ ಗುಂಡು ಹೊತ್ಕೊಂಡು ಆ ಕೆಸರಲ್ಲಿ ಬಿದ್ದಿದೆ ಅದು."

"ವೆಕೇಷನ್ ಹಾಕಿ, ಇಷ್ಟು ದೂರ ಬಂದು, ಒಂದು ಡೌಟ್ ಮೇಲೆ ನಾನು ಟ್ರಿಪ್ ಕ್ಯಾನ್ಸಲ್ ಮಾಡ್ಬೇಕಾ? ಅದೂ ಒಂದು ಕರಡಿಗೆ ಇಷ್ಟು ಸೀನಾ?"

ಒಂದು ಕರಡಿಗೆ ಇಷ್ಟು ಸೀನಾ! ಆರುನೂರು ಮೈಲಿ ಉದ್ದಕ್ಕೂ ಆ ಕರಡಿಯನ್ನು ಕೊಲ್ಲುವ ಗುಂಡಿನ ದಪ್ಪ, ವೇಗ, ತೂಕ ಎಲ್ಲವನ್ನೂ ಕೊರೆದವನು ಈಗ ಹೀಗೆನ್ನುತ್ತಾನೆ. ಆ ಅಷ್ಟೂ ಮಾತಿನಲ್ಲಿ ಕರಡಿಗೆ ನೋವಾಗುತ್ತದೆ ಎಂಬ ಒಂದು ಸೊಲ್ಲು ಇರಲಿಲ್ಲ. ನನ್ನ ಕಣ್ಣಿನಲ್ಲಿ ನೀರು ಬಂತು, ಅಳುವಿನದಲ್ಲ, ಸಿಟ್ಟಿನದು. ನಾನು ನೇರ ಅರ್ಲ್‌ನ ಮನೆಗೆ ಹೋಗಿ, ನಾಳೆ ನನ್ನ ಅಟ್ಟಣೆ ಬೇಡ, ನನ್ನ ಬೇಟೆಯ ದಿನವನ್ನು ಹುಡುಕಾಟಕ್ಕೆ ಕೊಡು, ನಿನ್ನ ನಾಯಿಯನ್ನೂ ಕರೆದುಕೊಂಡು ನೀನೂ ಬಾ ಎಂದೆ. ಅವನು ಗಡ್ಡ ಕೆರೆದುಕೊಂಡು, ಸುಳ್ಳು ಯಾರದೆಂದು ತನಗೂ ಅನುಮಾನವಿದೆ ಎಂದು ಒಪ್ಪಿಕೊಂಡ.

ಶನಿವಾರ ಬೆಳಕಾಗುತ್ತಿದ್ದಂತೆ ಪ್ರಶಾಂತ್ ತನ್ನ ಅಟ್ಟಣೆಗೆ ಹೋದ. ಹೌದು, ಹೋದ. ಶ್ರೀಧರ್ ಮಾತ್ರ ಹೋಗಲಿಲ್ಲ, ಮೈ ಸರಿಯಿಲ್ಲ ಎಂದು ಮುಸುಕು ಹಾಕಿಕೊಂಡ. ಅರ್ಲ್, ಹಗ್ಗಕ್ಕೆ ಕಟ್ಟಿದ ಅವನ ಕಂದು ಹೆಣ್ಣುನಾಯಿ, ನಾನು ಪೊದೆಗೆ ಇಳಿದೆವು. ಮೊಣಕಾಲಿನವರೆಗೆ ಕಪ್ಪು ನೀರು, ಅದರ ಮೇಲೆ ಗಾಜಿನಂಥ ತೆಳು ಮಂಜುಗಡ್ಡೆ. ಮುಳ್ಳುಬಳ್ಳಿ ಮುಖಕ್ಕೆ, ಕೈಗೆ ಗೀರುತ್ತಿತ್ತು. ನಾಯಿ ವಾಸನೆ ಹಿಡಿಯಲು ತಡವಾಗಲಿಲ್ಲ. ಸ್ವಲ್ಪ ಒಳಗೆ ಹೋಗುತ್ತಿದ್ದಂತೆ ಒಂದು ಎಲೆಯ ಮೇಲೆ ಕಂದುಬಣ್ಣದ ರಕ್ತ, ಜೊತೆಗೆ ಹೊಟ್ಟೆಯೊಳಗಿನ ಜೋಳದ ಚೂರು. ಅರ್ಲ್ ಅದನ್ನು ಬೆರಳಿಗೆ ಹಚ್ಚಿಕೊಂಡು ಮೂಸಿ, ಬೈಗುಳವೊಂದನ್ನು ನುಂಗಿಕೊಂಡ.

ಸಿಕ್ಕಿದ್ದು ಒಂದು ಬಿದ್ದ ಮರದ ಬುಡದಲ್ಲಿ. ಸುತ್ತಲಿನ ಎಳೆಯ ಗಿಡಗಳನ್ನೆಲ್ಲ ಕಚ್ಚಿ, ತೊಗಟೆ ಸುಲಿದು, ಮುರಿದು ಹಾಕಿತ್ತು. ನೋವು ತಡೆಯಲಾರದೆ ಸಿಕ್ಕಿದ್ದನ್ನೆಲ್ಲ ಕಚ್ಚಿತ್ತು. ಸತ್ತಿರಲಿಲ್ಲ. ನಾಯಿಯನ್ನು ಕಂಡದ್ದೇ ಮುಂಗಾಲುಗಳ ಮೇಲೆ ಎದ್ದು, ಹಲ್ಲು ಕಟಕಟ ಕಡಿಯುತ್ತ, ಸತ್ತ ಹಿಂಭಾಗವನ್ನು ಎಳೆದುಕೊಂಡು ನಮ್ಮ ಕಡೆಗೇ ಬಂದಿತು. ನನಗೆ ಹೆದರಿಕೆಯಾಯಿತು, ಸುಳ್ಳು ಹೇಳುವುದಿಲ್ಲ. ಅರ್ಲ್ ನಾಯಿಯನ್ನು ಎಳೆದುಕೊಂಡು ಪಕ್ಕಕ್ಕೆ ಸರಿದ. ನಾನು ಕಣ್ಣು ತೆರೆದೇ ಕುದುರೆ ಎಳೆದೆ. ಕುತ್ತಿಗೆಯ ಬುಡಕ್ಕೆ ತಗುಲಿತು, ಅಲ್ಲೇ ಕುಸಿಯಿತು. ನನ್ನ ಡೀರ್ ಗನ್ನೇ ಸಾಕಾಯಿತು.

ನಮ್ಮ ಕಡೆ ಗಂಡು ಮಗು ಹುಟ್ಟಿದರೆ ಒಂದು ಈಡು, ಮನೆಯಲ್ಲಿ ಸಾವಾದರೆ ಎರಡು ಈಡು ಹಾರಿಸುತ್ತಾರೆ. ಎರಡರ ನಡುವೆ ಒಂದು ಉಸಿರಿನ ಅಂತರ ಅಷ್ಟೆ. ಕೇಳಿದ ಊರವರು ಕೈಯಲ್ಲಿದ್ದ ಕೆಲಸ ಬಿಟ್ಟು ಬರುತ್ತಾರೆ. ಈ ಕರಡಿಗೂ ಎರಡು ಈಡು ಬಿದ್ದವು, ನಡುವೆ ಇಡೀ ಒಂದು ರಾತ್ರಿ. ಅದರ ಪಕ್ಕದಲ್ಲಿ ಕೂತು ಗಾಯ ನೋಡಿದೆ. ಎಕ್ಸ್‌ರೇ ಬೇಕಾಗಿರಲಿಲ್ಲ. ಹೊಟ್ಟೆಯ ಕೆಳಗಿನಿಂದ ಹೋಗಿ, ಸೊಂಟದ ಮೂಳೆ ಮುರಿದು, ಆ ಕಡೆಯಿಂದ ಅಷ್ಟೇ ಚಿಕ್ಕ ತೂತು ಮಾಡಿಕೊಂಡು ಆ ಆನೆಗುಂಡು ಹೊರಗೆ ಹೋಗಿತ್ತು. ಅದರ ಕಿವಿಯ ಮೇಲೆ ಕೈಯಿಟ್ಟು ತಪ್ಪಾಯಿತು ಎಂದೆ. ಕೊಡವತಕ್ಕ್‌ನಲ್ಲಿ ಹೇಳಿದೆ, ಬೇರೆ ಭಾಷೆ ಬಾಯಿಗೆ ಬರಲಿಲ್ಲ.

ಕೊಂದವರ ಲೈಸೆನ್ಸಿಗೆ ಕರಡಿ ಸೇರುತ್ತದೆ, ಹಾಗಾಗಿ ಅದು ನನ್ನ ಹೆಸರಿಗೆ ಬಂತು. ನನ್ನ ಬೇಟೆ ಮುಗಿಯಿತು. ಟ್ರಾಕ್ಟರಿನಲ್ಲಿ ಎಳೆದು ಹೊಲಕ್ಕೆ ತರುವ ಹೊತ್ತಿಗೆ ಪ್ರಶಾಂತ್ ಓಡಿ ಬಂದ. ಅವನ ಮುಖದಲ್ಲಿ ನಾನು ಕಾಯುತ್ತಿದ್ದ ನಾಚಿಕೆ ಇರಲಿಲ್ಲ.

"ಆಂಟಿ, ಸಿಕ್ತಾ! ನಾನ್ ಹೇಳ್ಲಿಲ್ವಾ, ಎಲ್ಲಿ ತಗುಲಿದ್ರೂ ಡೌನ್ ಅಂತ? ಫಸ್ಟ್ ಬ್ಲಡ್ ನಂದೇ ತಾನೆ?"

ನಿನ್ನೆ ಮಿಸ್, ಇವತ್ತು ಫಸ್ಟ್ ಬ್ಲಡ್. ನಾಲಿಗೆಗೆ ಎಲುಬಿಲ್ಲ ಎನ್ನುವುದು ಇದಕ್ಕೇ. ಕರಡಿಯ ಬೆನ್ನ ಮೇಲೆ ಬಂದೂಕು ಅಡ್ಡ ಇಟ್ಟು, ಗಾಯ ಕಾಣದ ಕಡೆಯಿಂದ, ಫೋನು ಹಿಡಿದು ಕ್ಯಾಬಿನ್ನಿನಿಂದ ಬಂದ ಶ್ರೀಧರನ ಕೈಯಲ್ಲಿ ಫೋಟೊ ತೆಗೆಸಿಕೊಂಡ. ಕಮ್ಮಿಂಗ್‌ನ ಮನೆಯಲ್ಲಿದ್ದ ಹೆಂಡತಿ ಗೀತಾಗೆ ಅಲ್ಲಿಂದಲೇ ಕಳಿಸಿದ. ನನ್ನನ್ನೂ ಕರೆದ, ನಾನು ಬೆನ್ನು ತಿರುಗಿಸಿ ನಿಂತೆ. ಅಷ್ಟಕ್ಕೇ ನಿಲ್ಲಲಿಲ್ಲ. ಕರಡಿ ಆಂಟಿಯ ಲೈಸೆನ್ಸಿಗೆ ಹೋಯಿತಲ್ಲ, ನನ್ನದು ಇನ್ನೂ ಹಾಗೇ ಇದೆ, ಈ ಸಂಜೆ ಮತ್ತೆ ಕೂರಬಹುದೇ ಎಂದು ಅರ್ಲ್‌ನನ್ನು ಕೇಳಿದ. ಅರ್ಲ್, ಆ ತೋಪನ್ನು ಪೆಟ್ಟಿಗೆಗೆ ಹಾಕು, ಇನ್ನು ಈ ಹೊಲಕ್ಕೆ ಕಾಲಿಡಬೇಡ ಎಂದ. ನಿನ್ನೆ ಬೆಳಿಗ್ಗೆಯೇ ಇದನ್ನು ಹೇಳಬಾರದಿತ್ತೇ ಎಂದು ನಾನು ಅವನಿಗೂ ಮುಖದ ಮೇಲೆ ಹೇಳಿದೆ.

ಹಿಂಭಾಗದ ಮಾಂಸವೆಲ್ಲ ಕೆಟ್ಟುಹೋಗಿತ್ತು. ಮುಂಭಾಗದ್ದನ್ನು ನಾನೇ ಕೊಯ್ದು ಐಸಿನಲ್ಲಿ ಇಟ್ಟೆ; ಅದನ್ನೂ ಚೆಲ್ಲಿದರೆ ಪಾಪಕ್ಕೆ ಪಾಪ ಸೇರಿದ ಹಾಗೆ. ಸಂಜೆ ಕ್ಯಾಬಿನ್ನಿನ ಮೆಟ್ಟಿಲ ಮೇಲೆ ಕೂತಿದ್ದಾಗ ಶ್ರೀಧರ್ ಬಂದು ಪಕ್ಕದಲ್ಲಿ ನಿಂತ. "ನಾನು ನೋಡಿದ್ದೆ ಆಂಟಿ. ಅದು ಕಚ್ಕೊಂಡಿದ್ದು ನೋಡಿದ್ದೆ. ಫ್ರೆಂಡು ಅಂತ ಹೇಳ್ಲಿಲ್ಲ" ಎಂದ. ಮಾಂಸ ತಿನ್ನದವನಿಗೆ ಅಹಿಂಸೆಯ ಪಾಠ ನಾನು ಏನು ಹೇಳಲಿ. ಕೈ ತೊಳೆದುಕೊಂಡು ಊಟ ಮಾಡು ಹೋಗು ಎಂದೆ.

ಭಾನುವಾರ ಮುಂಜಾನೆಯೇ ಹೊರಟೆವು. ನಾನೇ ವ್ಯಾನು ಓಡಿಸುತ್ತಿದ್ದೆ. ದಾರಿ ತೋರಿಸಲೆಂದು ಪ್ರಶಾಂತನ ಫೋನನ್ನು ವ್ಯಾನಿಗೆ ಜೋಡಿಸಿದ್ದೆವು. ಷಾರ್ಲಟ್ ದಾಟಿ ದಕ್ಷಿಣ ಕರೋಲಿನಾಕ್ಕೆ ಬಂದು, ಪೀಚ್ ಹಣ್ಣಿನ ಆಕಾರದ ದೊಡ್ಡ ನೀರಿನ ಟ್ಯಾಂಕು ದೂರದಲ್ಲಿ ಕಾಣುವ ಹೊತ್ತಿಗೆ ಫೋನು ಬಡಿದುಕೊಂಡಿತು. ಹುಣಸೂರಿನಿಂದ ಅವನ ತಾಯಿ. ಅಲ್ಲಿ ಊಟ ಮುಗಿಸಿ ಮಲಗುವ ಹೊತ್ತು. ಅವನು ಬಟನ್ ಒತ್ತಿದ ಕೂಡಲೇ ಆಕೆಯ ದನಿ ವ್ಯಾನಿನ ಎಲ್ಲ ಸ್ಪೀಕರುಗಳಿಂದಲೂ ಬಂತು.

"ಏನ್ಲಾ ಮಗ, ಕರಡಿ ಹೊಡ್ದಂತೆ? ಗೀತಾ ಫೋಟೊ ಕಳ್ಸಿದ್ಲು ಕಣೊ."

"ಹೂಂ ಅವ್ವ."

"ಒಂದೇ ಏಟ್ಗೆ ಬಿತ್ತಾ?"

"ಒಂದೇ ಏಟು ಅವ್ವ. ಆಫ್ರಿಕಾ ಗನ್ನು ಅಲ್ವಾ?"

"ಪಾಪ, ಒದ್ದಾಡ್ನಿಲ್ಲ ತಾನೆ?"

ಮನೆಯ ಮುಂದೆ ಕೋಳಿ, ಕುರಿ ಸಾಕಿದ ಹೆಂಗಸು. ಕೊಯ್ಯುವುದನ್ನು ಕಂಡವಳು, ಬೇಯಿಸಿ ಬಡಿಸಿದವಳು. ಇಷ್ಟು ದಿನ, ಇಷ್ಟು ದೂರ, ನಮ್ಮಲ್ಲಿ ಯಾರೂ ಕೇಳದಿದ್ದ ಪ್ರಶ್ನೆಯನ್ನು ಆಕೆ ಮೂರನೆಯ ಮಾತಿಗೇ ಕೇಳಿದ್ದಳು.

"ಇಲ್ಲವ್ವ. ಒಂಚೂರೂ ಒದ್ದಾಡ್ಲಿಲ್ಲ" ಎಂದ ಮಗ.

"ಒದ್ದಾಡಿತು ಅಮ್ಮ" ಎಂದೆ ನಾನು. "ರಾತ್ರಿಯೆಲ್ಲ ಒದ್ದಾಡಿತು. ನೋವು ತಡೀಲಾರದೆ ಸುತ್ತಲಿದ್ದ ಗಿಡ ಎಲ್ಲ ಕಚ್ಚಿ ಹಾಕಿತ್ತು."

ಪ್ರಶಾಂತ್ ಫೋನಿನ ಕಡೆಗೆ ಕೈ ಚಾಚಿದ. ಹಿಂದಿನ ಸೀಟಿನಿಂದ ಶ್ರೀಧರ್ ಅವನ ಭುಜ ಹಿಡಿದುಕೊಂಡ.

"ಯಾರವ್ವ ಮಾತಾಡ್ತಿರೋದು?"

"ಪಕ್ಕದ ಮನೆಯವಳು ಅಮ್ಮ. ಪೊನ್ನಮ್ಮ."

ಆಕೆ ನನ್ನನ್ನಲ್ಲ, ಮಗನನ್ನು ಕೇಳಿದಳು. "ಯಾರ್ಲಾ ಮುಗ್ಸಿದ್ದು ಅದ್ನ?"

ಅವನು ಕಿಟಕಿಯ ಕಡೆ ತಿರುಗಿದ್ದ. ಮಿಸ್ ಎಂದ ಬಾಯಿ, ಫಸ್ಟ್ ಬ್ಲಡ್ ಎಂದ ಬಾಯಿ, ಕೊನೆಗೆ ಮಗುವಿನಂಥ ಸಣ್ಣ ದನಿಯಲ್ಲಿ, "ಆಂಟಿ" ಎಂದಿತು.

"ನಿನ್ ಹೊಟ್ಟೆ ತಣ್ಣಗಿರ್ಲಿ ಕಣವ್ವ" ಎಂದು ನನಗೆ ಹೇಳಿ ಆಕೆ ಫೋನಿಟ್ಟಳು. ಮಗನಿಗೆ ಇನ್ನೊಂದು ಮಾತೂ ಹೇಳಲಿಲ್ಲ, ಊಟ ಆಯಿತಾ ಎಂದೂ ಕೇಳಲಿಲ್ಲ.

ಅಷ್ಟು ದೊಡ್ಡ ಆಶೀರ್ವಾದ ನನಗೆ ಯಾರೂ ಮಾಡಿರಲಿಲ್ಲ. ಆದರೂ ಹೊಟ್ಟೆ ತಣ್ಣಗಾಗಲಿಲ್ಲ. ಜಾರ್ಜಿಯಾದ ಗಡಿ ದಾಟಿದಾಗಲೂ ಉರಿಯುತ್ತಿತ್ತು, ಕಮ್ಮಿಂಗ್‌ನಲ್ಲಿ ಅವನನ್ನು ಅವನ ಬಂದೂಕಿನ ಸಮೇತ ಬಾಗಿಲಲ್ಲಿ ಇಳಿಸಿದಾಗಲೂ ಉರಿಯುತ್ತಿತ್ತು. ಇದನ್ನು ಬರೆಯುತ್ತಿರುವಾಗಲೂ ಉರಿಯುತ್ತಿದೆ.